ಜಗಲಿಯಲ್ಲಿ ನೋಡಿದ ಸಿನಿಮಾಗಳು

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ನನ್ನ ಸೊಸೆ ಈ ಗುಂಪಿನಲ್ಲಿ, ಈಚೆಗೆ ನೋಡಿದ ಸಿನಿಮಾಗಳಲ್ಲಿ ನಿಮಗೆಲ್ಲ ತುಂಬ ಹಿಡಿಸಿದ್ದು ಯಾವುದು ಎಂದು ಕೇಳಿದ್ದಳು. ಅದಕ್ಕೆ ಬೆಂಗಳೂರಿನಲ್ಲಿರುವ ತಮ್ಮನ ಮಗ, ಒಳ್ಳೆಯ ಸಿನಿಮಾ ಬೇಕಿದ್ದರೆ ಮಲಯಾಳಕ್ಕೇ ಹೋಗಬೇಕು, ಕನ್ನಡದಲ್ಲಿ ಈಗ ನೋಡುವಂಥದ್ದು ಏನೂ ಉಳಿದಿಲ್ಲ ಎಂದು ಬರೆದ. ಪೆರ್ಲದ ಭಾವನವರಿಗೆ ಆ ಮಾತಿನಿಂದ ನೋವಾಯಿತು. 1956ರಲ್ಲಿ ಜಿಲ್ಲೆ ಕೇರಳಕ್ಕೆ ಸೇರಿದಂದಿನಿಂದ ಕನ್ನಡವನ್ನು ಉಳಿಸಿಕೊಳ್ಳಲು ಇಷ್ಟು ಪಾಡುಪಟ್ಟ ಕಾಸರಗೋಡಿನವರು ತಮ್ಮ ಮನೆಯೊಳಗೇ ಕುಳಿತು ಹೀಗೆ ಹೇಳಬಹುದೇ ಎಂದು ಅವರು ಕೇಳಿದರು. ಆಮೇಲೆ ಎರಡು ದಿನ ಗುಂಪಿನಲ್ಲಿ ಯಾರೂ ಮಾತನಾಡಲಿಲ್ಲ. ಆದ್ದರಿಂದ ನಾನು ಸ್ವಲ್ಪ ಉದ್ದವಾಗಿಯೇ ಹೇಳಬೇಕೆಂದು ಈ ವಾಯ್ಸ್ ಮೆಸೇಜ್ ಕಳುಹಿಸುತ್ತಿದ್ದೇನೆ. ಮನೆಮಾತಿನಲ್ಲಿ ಹೇಳಿದರೆ ಮೈಸೂರಿನಿಂದ ಬಂದ ಸೊಸೆಗೂ ಮೊಮ್ಮಕ್ಕಳಿಗೂ ಪೂರ್ತಿ ತಿಳಿಯುವುದಿಲ್ಲ. ಹಾಗಾಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕನ್ನಡದಲ್ಲೇ ಹೇಳುತ್ತೇನೆ.

ಭಾವಾ, ಮೊದಲು ನಿಮ್ಮ ಮಾತಿಗೆ ಬರುತ್ತೇನೆ. ಮೂವತ್ತು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ದುಡಿದವಳಿಗೆ ನಿಮ್ಮ ನೋವು ತಿಳಿಯದೇ ಇರುವುದಿಲ್ಲ. ರಿಷಬ್ ಶೆಟ್ಟಿಯವರು 2018ರಲ್ಲಿ ಮಾಡಿದ, ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಸಿನಿಮಾವನ್ನು ಈ ಬೇಸಗೆ ರಜೆಯಲ್ಲಿ ಮೊಮ್ಮಕ್ಕಳಿಗಾಗಿ ಮತ್ತೊಮ್ಮೆ ಹಾಕಿಸಿದೆ. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದದ್ದು ನಿಮಗೆ ಗೊತ್ತಿದೆ. ಕನ್ನಡ ಶಾಲೆಯ ಮಕ್ಕಳಿಗೆ ಗಣಿತ ಕಲಿಸಲು ಕನ್ನಡ ಬಾರದ ಮೇಷ್ಟ್ರು ಬರುವ ಭಾಗದಲ್ಲಿ ಮಕ್ಕಳೆಲ್ಲ ನಕ್ಕರು, ನನಗೆ ನಗು ಬರಲಿಲ್ಲ. ನಾನಿದ್ದ ಒಂದು ಶಾಲೆಗೂ ಹಾಗೆಯೇ ಒಬ್ಬರು ಬಂದಿದ್ದರು. ಅವರು ಒಳ್ಳೆಯವರು, ಗಣಿತವನ್ನೂ ಚೆನ್ನಾಗಿ ಬಲ್ಲವರು. ಆದರೆ ಐದನೆಯ ತರಗತಿಯ ಹುಡುಗಿಯೊಬ್ಬಳು ಬೋರ್ಡಿನ ಲೆಕ್ಕವನ್ನು ತಪ್ಪಿಲ್ಲದೆ ನಕಲು ಮಾಡಿ, ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ, ಪಕ್ಕದವಳನ್ನು ಕೇಳಿಕೊಂಡು, 'ಇದು ಭಾಗಾಕಾರ ಅಂತೆ' ಎಂದು ಬರೆದಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ 'ಅಂತೆ' ಎಂಬ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಸಿನಿಮಾದ ಕೊನೆಯಲ್ಲಿ ಅನಂತನಾಗ್ ಅವರು ನ್ಯಾಯಾಲಯದಲ್ಲಿ ಮಾಡುವ ವಾದಕ್ಕೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ನಿಜವೆನಿಸುವುದು ಮೊದಲರ್ಧದ ತರಗತಿ, ಅಲ್ಲಿಯ ಬೆಂಚುಗಳು, ಗಂಟೆ ಬಾರಿಸುವ ಮೊದಲಿನ ಗದ್ದಲ.

ಇನ್ನು ತಮ್ಮನ ಮಗನಿಗೆ. ಮಗಾ, ಕನ್ನಡದಲ್ಲಿ ಏನೂ ಇಲ್ಲ ಎಂದು ನೀನು ಹೇಳಿದ್ದು ನೀನು ನೋಡದೇ ಇರುವುದರಿಂದ. ಸುಮಂತ್ ಭಟ್ ಅವರ 'ಮಿಥ್ಯ' 2025ರ ಮಾರ್ಚಿನಲ್ಲಿ ತೆರೆಗೆ ಬಂತು. ತಂದೆತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗನೊಬ್ಬ ಮುಂಬಯಿಯಿಂದ ಉಡುಪಿಯ ಕಡೆಗೆ ಬಂಧುಗಳ ಮನೆಗೆ ಬರುತ್ತಾನೆ. ಕಥೆಯೆಂದು ಹೇಳಬಹುದಾದ್ದು ಅಷ್ಟೇ. ಅತೀಶ್ ಶೆಟ್ಟಿ ಎಂಬ ಆ ಹುಡುಗ ಹೊಸ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ನಿಲ್ಲುವ ರೀತಿಯನ್ನು ನೋಡು. ಯಾರೂ ಗದರುವುದಿಲ್ಲ, ಎಲ್ಲರೂ ಪ್ರೀತಿಯಿಂದಲೇ ಇರುತ್ತಾರೆ. ಆದರೂ ಅವನ ದುಃಖಕ್ಕೆ ಆ ಮನೆಯಲ್ಲಿ ಜಾಗ ಸಿಗಲು ಎಷ್ಟೊಂದು ದಿನಗಳು ಬೇಕಾಗುತ್ತವೆ. ಬಂಧುಗಳ ಪಾತ್ರದಲ್ಲಿರುವ ಪ್ರಕಾಶ್ ತುಮಿನಾಡು ಮತ್ತು ರೂಪಾ ವರ್ಕಾಡಿಯವರ ಹೆಸರನ್ನು ಒಮ್ಮೆ ಬಾಯಿಬಿಟ್ಟು ಓದು. ತುಮಿನಾಡು ತಲಪಾಡಿ ದಾಟಿ ಮಂಜೇಶ್ವರಕ್ಕೆ ಬರುವ ದಾರಿಯಲ್ಲಿದೆ, ವರ್ಕಾಡಿಯೂ ಅದೇ ತಾಲೂಕಿನದು. ನಮ್ಮ ಊರುಗಳು ಕನ್ನಡ ಸಿನಿಮಾದ ಪರದೆಯ ಮೇಲೆ ಹೀಗೆ ಮನುಷ್ಯರ ಹೆಸರಿನ ಜೊತೆಯಲ್ಲಿ ಬರುತ್ತಿರುವಾಗ ಏನೂ ಉಳಿದಿಲ್ಲ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಅದೇ ತುಮಿನಾಡಿನ ಹೆಸರು ಹೊತ್ತ ಜೆ.ಪಿ. ತುಮಿನಾಡು ಅವರು ನಿರ್ದೇಶಿಸಿ ತಾವೇ ನಟಿಸಿದ 'ಸು ಫ್ರಮ್ ಸೋ' ಅದೇ ವರ್ಷದ ಜುಲೈಯಲ್ಲಿ ಬಂತು. ಸಿಕ್ಕಿಬಿದ್ದ ಹುಡುಗನೊಬ್ಬ ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರೇ ಅದನ್ನು ನಂಬಿಬಿಡುತ್ತದೆ. ಅದನ್ನು ನಾವೆಲ್ಲ ಸೇರಿ ನೋಡಿದ್ದು ನಿಮಗೆ ನೆನಪಿದೆ, ಹೆಚ್ಚು ಹೇಳುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು. ಬಿಡುಗಡೆಯಾದ ಒಂದೇ ವಾರದಲ್ಲಿ ದುಲ್ಕರ್ ಸಲ್ಮಾನ್ ಅವರ ಸಂಸ್ಥೆ ಅದರ ಮಲಯಾಳ ರೂಪವನ್ನು ಕೇರಳದಲ್ಲಿ ತೆರೆಗೆ ತಂದಿತು. ನಮ್ಮ ಗಡಿಯ ಹುಡುಗರ ಕಥೆಯನ್ನು ತಿರುವನಂತಪುರದವರು ದುಡ್ಡು ಕೊಟ್ಟು ನೋಡಿದರು.

ಕರಾವಳಿಯ ಹೊರಗಿನದು ಬೇಕಿದ್ದರೆ ಜೈಶಂಕರ್ ಆರ್ಯರ್ ಅವರ 'ಶಿವಮ್ಮ' ನೋಡು. ಅದಕ್ಕೆ 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ಪ್ರಶಸ್ತಿ ಬಂದಿತ್ತು. ಕೊಪ್ಪಳದ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ಮಗಳ ಮದುವೆಗೆಂದು ಇಟ್ಟ ದುಡ್ಡನ್ನು ಚೈನ್ ಮಾರ್ಕೆಟಿಂಗಿಗೆ ಹಾಕುತ್ತಾಳೆ. ಅಲ್ಲಿಯ ಕನ್ನಡ ಮೊದಲ ಹತ್ತು ನಿಮಿಷ ನನಗೆ ಕಿವಿಗೊಟ್ಟು ಕೇಳಿದರೂ ತಿಳಿಯಲಿಲ್ಲ, ಆಮೇಲೆ ಬಿಡಲಾಗಲಿಲ್ಲ. ನಮ್ಮ ಶಾಲೆಯಲ್ಲಿ ಗಂಜಿ, ಪಯರು ಬೇಯಿಸುತ್ತಿದ್ದ ಅಕ್ಕನ ನೆನಪು ಪೂರ್ತಿ ಸಿನಿಮಾದುದ್ದಕ್ಕೂ ಕಾಡಿತು.

ಹಾಗೆಂದು ಭಾವಾ, ಮಲಯಾಳದ ಸಿನಿಮಾವನ್ನು ಮೆಚ್ಚಬಾರದೆಂದು ನನಗೆ ಅನ್ನಿಸುವುದಿಲ್ಲ. ಸೆನ್ನ ಹೆಗ್ಡೆಯವರ 'ತಿಂಕಳಾಯ್ಚ ನಿಶ್ಚಯಂ' ಎಂಬುದನ್ನು, ಅಂದರೆ ಸೋಮವಾರದ ನಿಶ್ಚಿತಾರ್ಥ, ನೀವು ದಯವಿಟ್ಟು ಒಮ್ಮೆ ನೋಡಬೇಕು. ಅದು ಕಾಞಂಗಾಡಿನ ಒಂದು ಮನೆಯಲ್ಲಿ, ನಿಶ್ಚಿತಾರ್ಥದ ಹಿಂದುಮುಂದಿನ ಒಂದೆರಡು ದಿನಗಳಲ್ಲಿ ನಡೆಯುವ ಕಥೆ. ಕುವೈತಿನಿಂದ ಮರಳಿದ ಅಪ್ಪ ತನ್ನ ಮಾತೇ ನಡೆಯಬೇಕೆಂದು ಹಟ ಹಿಡಿದಿದ್ದಾನೆ, ಹಿರಿಯ ಮಗಳು ತಾನೇ ಆರಿಸಿಕೊಂಡವನ ಜೊತೆ ಹೋಗಿಯಾಗಿದೆ, ಕಿರಿಯವಳ ಮನಸ್ಸೂ ಬೇರೆ ಕಡೆ ಇದೆ. ಅಂಗಳದಲ್ಲಿ ಚಪ್ಪರ ಏಳುತ್ತದೆ, ನೆಂಟರು ಒಬ್ಬೊಬ್ಬರಾಗಿ ಬರುತ್ತಾರೆ. ಆ ಮನೆಯವರು ಮಾತನಾಡುವುದು ಪತ್ರಿಕೆಯ ಮಲಯಾಳವಲ್ಲ, ನಾವು ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ ದಿನವೂ ಕೇಳುವ ಕಾಸರಗೋಡಿನ ಮಲಯಾಳ; ದಕ್ಷಿಣದವರು ಅದನ್ನು ಕೇಳಿ ಏನೆಂದಿರಿ ಎಂದು ಮತ್ತೆ ಕೇಳುವಂಥದ್ದು. ಶಾಲೆಗೆ ಬರುತ್ತಿದ್ದ ಮೇಲಧಿಕಾರಿಗಳು ಇಲ್ಲಿಯ ಮಲಯಾಳವನ್ನು ಮಲಯಾಳವೇ ಅಲ್ಲವೆಂಬಂತೆ ಕಾಣುತ್ತಿದ್ದುದನ್ನು ನಾನು ಬಲ್ಲೆ. ಅಂಥ ಮಾತಿಗೆ ಕೇರಳ ರಾಜ್ಯ ಪ್ರಶಸ್ತಿಯೂ, ಅತ್ಯುತ್ತಮ ಮಲಯಾಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂದಾಗ ನನಗೆ ಹೆಮ್ಮೆಯಾಯಿತು. ಅದೇ ಸೆನ್ನ ಹೆಗ್ಡೆಯವರು ಅದಕ್ಕಿಂತ ಮೊದಲು, 2018ರಲ್ಲಿ, ಕನ್ನಡದಲ್ಲಿಯೂ ಒಂದು ಸಿನಿಮಾ ಮಾಡಿದ್ದರು. ನಮ್ಮ ಜಿಲ್ಲೆಯವರು ಹಾಗೆಯೇ ಇರುವುದಲ್ಲವೇ, ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಕಾಗದ ಬರೆಯುವಾಗ ಕನ್ನಡ.

ದಿಲೀಶ್ ಪೋತ್ತನ್ ಅವರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' 2017ರದ್ದು, ನಾನು ನೋಡಿದ್ದು ತಡವಾಗಿ. ದಕ್ಷಿಣದಿಂದ ನಮ್ಮ ಕಡೆಗೆ ಬೇಸಾಯಕ್ಕೆಂದು ಬಂದ ಗಂಡ ಹೆಂಡತಿ, ಕೊಳವೆಬಾವಿ ಕೊರೆಸಲು ಸರ ಅಡವಿಡಲು ಹೊರಟಾಗ ಬಸ್ಸಿನಲ್ಲಿ ಆ ಸರವೇ ಕಳವಾಗುತ್ತದೆ. ಕಳ್ಳತನ, ಪೊಲೀಸು ಎಲ್ಲ ಇದೆ, ಆದರೆ ನನ್ನ ಕಣ್ಣಿಗೆ ಬಿದ್ದದ್ದು ನೀರಿಗಾಗಿ ಅವರು ಪಡುವ ಪಾಡು. ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದು, ಬೆಟ್ಟದ ಹೊಟ್ಟೆಯಿಂದ ನೀರನ್ನು ಅಂಗಳಕ್ಕೆ ಹರಿಸಿಕೊಂಡ ಅಜ್ಜಂದಿರ ಮೊಮ್ಮಕ್ಕಳಿಗೆ ಅದು ಬೇಗ ತಾಗುತ್ತದೆ.

ಈಗ ಸೊಸೆ ಕೇಳಿದ ಪ್ರಶ್ನೆಗೆ ನನ್ನ ಉತ್ತರ. ಈಚೆಗೆ ನೋಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ್ದು ಹೊಸ ಸಿನಿಮಾ ಅಲ್ಲ. ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್', 2008ರದ್ದು. ವೈದೇಹಿಯವರ ಕಥೆಯಿಂದ ಹುಟ್ಟಿದ್ದು. ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಸಿನಿಮಾದಲ್ಲಿ ಕುಂದಾಪುರದ ಕಡೆಯ ಮೀನುಗಾರರ ನಡುವೆ ಇರುವ ಗುಲಾಬಿ ಎಂಬ ಸೂಲಗಿತ್ತಿಯ ಗುಡಿಸಲಿಗೆ ಬಣ್ಣದ ಟೀವಿ ಬರುತ್ತದೆ. ಸಿನಿಮಾದ ಹುಚ್ಚು ಹಿಡಿದ, ಗಂಡ ಬಿಟ್ಟುಹೋದ ಆ ಬ್ಯಾರಿ ಮುಸ್ಲಿಂ ಹೆಂಗಸಾಗಿ ಉಮಾಶ್ರೀಯವರು ನಟಿಸಿದ್ದಾರೆ, ಅದಕ್ಕೇ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಂಡಸರು ಕಡಲಿಗೆ ಹೋದಾಗ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅವಳ ಗುಡಿಸಲಿಗೆ ಬಂದು ಟೀವಿಯ ಮುಂದೆ ಕೂರುತ್ತಾರೆ. ಕೆಲವರು ಒಳಗೆ ಬಾರದೆ ಹೊರಗಿನಿಂದಲೇ ನೋಡುತ್ತಾರೆ. ಆಮೇಲೆ ಕಾರ್ಗಿಲ್ ಯುದ್ಧದ ಸುದ್ದಿ ಬರುತ್ತದೆ, ದೊಡ್ಡ ದೋಣಿಗಳ ಜಗಳ ಬೆಳೆಯುತ್ತದೆ, ಹುಡುಗಿಯೊಬ್ಬಳು ಕಾಣೆಯಾಗುತ್ತಾಳೆ, ಎಲ್ಲದರ ಭಾರವೂ ಗುಲಾಬಿಯ ತಲೆಯ ಮೇಲೆ ಬೀಳುತ್ತದೆ.

ಇದನ್ನು ಪೈವಳಿಕೆಯ ಮನೆಯ ಜಗಲಿಯಲ್ಲಿ, ಅಡಿಕೆ ಸುಲಿಯುತ್ತಾ, ಅಮ್ಮನ ಜೊತೆ ನೋಡಿದೆ. ಎಂಬತ್ತನಾಲ್ಕರ ಅಮ್ಮ ಸಾಮಾನ್ಯವಾಗಿ ಸಿನಿಮಾದ ನಡುವೆ ಎದ್ದುಹೋಗುತ್ತಾರೆ. ಅಂದು ಎದ್ದುಹೋಗಲಿಲ್ಲ. ಕತ್ತಿಯ ಮುಂದೆ ಕೂತಿದ್ದ ಅವರ ಕೈ ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಮಡಿಲಲ್ಲಿ ಅರ್ಧ ಸಿಪ್ಪೆ ಬಿಡಿಸಿದ ಒಂದು ಅಡಿಕೆ ಹಾಗೆಯೇ ಇತ್ತು. ಮುಗಿದ ಮೇಲೆ ಒಂದು ಮಾತೂ ಆಡದೆ ಒಳಗೆ ಹೋದರು.

ನಿಮ್ಮಲ್ಲಿ ದೊಡ್ಡವರಿಗೆ ನೆನಪಿರಬಹುದು, 1987ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಬರುತ್ತಿದ್ದಾಗ ನಮ್ಮ ಊರಿನಲ್ಲಿ ಟೀವಿ ಇದ್ದದ್ದು ಅಜ್ಜನ ಮನೆಯಲ್ಲಿ ಮಾತ್ರ. ಚಾವಡಿ ತುಂಬ ಜನ. ತೋಟದಾಚೆಯ ಬ್ಯಾರಿ ಮನೆಯಿಂದ, ನಾವೆಲ್ಲ ಆಚೆಮನೆಯ ಉಮ್ಮ ಎಂದು ಕರೆಯುತ್ತಿದ್ದವರೂ ಬರುತ್ತಿದ್ದರು. ಅವರು ಪ್ರತಿ ವರ್ಷ ಅಡಿಕೆ ಸುಲಿಯಲು ನಮ್ಮಲ್ಲಿಗೆ ಬರುವವರು. ಒಳಗೆ ಎಷ್ಟೇ ಜಾಗವಿದ್ದರೂ ಅವರು ಜಗಲಿಯಲ್ಲಿ, ಕಿಟಕಿಯ ಹೊರಗೆ, ಒಂದು ಕೈಯಲ್ಲಿ ಕಬ್ಬಿಣದ ಸರಳು ಹಿಡಿದು ನಿಂತೇ ನೋಡುತ್ತಿದ್ದರು. ರಾಮ ಕಾಡಿಗೆ ಹೋದ ದಿನ ಎಲ್ಲರಿಗಿಂತ ಹೆಚ್ಚು ಅತ್ತವರು ಅವರೇ. ಅವರನ್ನು ಒಳಗೆ ಕರೆಯಬೇಕೆಂದು ನನಗೂ ತೋಚಲಿಲ್ಲ, ನಾನಾಗ ಟೀಚರ್ ಟ್ರೈನಿಂಗ್ ಮುಗಿಸಿ ಮಕ್ಕಳಿಗೆ ಬುದ್ಧಿ ಹೇಳಲು ಹೊರಟವಳು.

ಸಿನಿಮಾ ನೋಡಿದ ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಅಮ್ಮ ನನ್ನನ್ನು ಕೇಳಿದರು, "ಆಚೆಮನೆಯ ಉಮ್ಮನನ್ನು ನಾನು ಒಂದು ದಿನವೂ ಒಳಗೆ ಕರೆಯಲಿಲ್ಲ, ಅಲ್ಲವಾ?" ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಉಮ್ಮ ತೀರಿಹೋಗಿ ಹತ್ತು ವರ್ಷ ಕಳೆಯಿತು.

ಮಕ್ಕಳೇ, ಭಾವಾ, ಇದು ಕನ್ನಡ ಸಿನಿಮಾ, ಇದರಲ್ಲಿರುವುದು ಕುಂದಾಪುರದ ಮಾತು. ಆದರೆ ಅಮ್ಮನಿಗೆ ಕಾಣಿಸಿದ್ದು ನಮ್ಮ ಮನೆಯ ಕಿಟಕಿ. ಇದಕ್ಕಿಂತ ಒಳ್ಳೆಯ ಸಿನಿಮಾವನ್ನು ನಾನು ಈಚೆಗೆ ನೋಡಿಲ್ಲವೆಂದು ಹೇಳಲು ನನಗೆ ಬೇರೆ ಕಾರಣ ಬೇಕಾಗಿಲ್ಲ.

ಓಣಂ ರಜೆಯಲ್ಲಿ ಎಲ್ಲರೂ ಪೈವಳಿಕೆಗೆ ಬರುತ್ತೀರಲ್ಲ, ಆಗ ಒಟ್ಟಿಗೆ ಕುಳಿತು ಎರಡು ಸಿನಿಮಾ ನೋಡೋಣ. ಶನಿವಾರ ರಾತ್ರಿ 'ತಿಂಕಳಾಯ್ಚ ನಿಶ್ಚಯಂ', ಭಾವನವರು ನನ್ನ ಪಕ್ಕದಲ್ಲೇ ಕೂರಬೇಕು, ತಿಳಿಯದ ಮಾತನ್ನು ನಾನು ಹೇಳಿಕೊಡುತ್ತೇನೆ. ಭಾನುವಾರ ಮಧ್ಯಾಹ್ನ ಊಟದ ಮೇಲೆ 'ಗುಲಾಬಿ ಟಾಕೀಸ್'. ಅದನ್ನು ಮತ್ತೊಮ್ಮೆ ನೋಡಬೇಕೆಂದು ಅಮ್ಮನೇ ಹೇಳಿದ್ದಾರೆ. ಟೀವಿಯನ್ನು ಜಗಲಿಯಿಂದ ಚಾವಡಿಗೆ ತಂದಿಡಲು ತಮ್ಮನ ಮಗ ಸ್ವಲ್ಪ ಬೇಗ ಬಂದರೆ ಒಳ್ಳೆಯದು. ಉಮ್ಮನ ಮಗಳು ಈಗ ಬಾಯಾರಿನಲ್ಲಿದ್ದಾಳೆ. ಅಮ್ಮ ಹೇಳಿದಂತೆ ನಿನ್ನೆ ಅವಳಿಗೆ ಫೋನ್ ಮಾಡಿದೆ. ಮಕ್ಕಳನ್ನೂ ಕರೆದುಕೊಂಡು ಊಟಕ್ಕೇ ಬರುತ್ತೇನೆ ಎಂದಿದ್ದಾಳೆ.