ಸೈನ್ಸ್ ಪುಸ್ತಕದಲ್ಲಿ ಕಣಾದ ಯಾಕಿಲ್ಲ ಅಂತ ಮಗಳು ಕೇಳಿದರೆ

ನಿನ್ನೆ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ಏಳನೇ ಗ್ರೇಡಿನ ಮಗಳ ಪುಸ್ತಕದಲ್ಲಿ ಪರಮಾಣುವಿನ ಕಥೆ ಡೆಮಾಕ್ರಿಟಸ್‌ನಿಂದ ಶುರುವಾಗಿ ಸೀದಾ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಡಾಲ್ಟನ್‌ಗೆ ಹಾರುತ್ತದೆ, ಪರಮಾಣುವಿನ ಮಾತಾಡಿದ ವೈಶೇಷಿಕ ದರ್ಶನದ ಮೂಲಪುರುಷ, ನಮ್ಮ ಕಣಾದನ ಸುದ್ದಿಯೇ ಇಲ್ಲ, ಟೀಚರಿಗೆ ಮೇಲ್ ಹಾಕಲಾ ಅಂತ. ಕೆಲವರು "ಹಾಕಿ, ಬಿಡಬೇಡಿ" ಅಂದರು. ಕೆಲವರು "ಇದೆಲ್ಲ ವಾಟ್ಸಾಪ್ ಪುರಾಣ, ಸುಮ್ನಿರಿ" ಅಂದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಕಣಾದ ವಾಟ್ಸಾಪ್ ಪುರಾಣ ಅಲ್ಲ. ಆದರೆ ಫಾರ್ವರ್ಡ್‌ಗಳಲ್ಲಿ "ನಾವೇ ಮೊದಲು" ಅನ್ನುವುದೊಂದೇ ಇರುತ್ತದೆ, ಅವನ ಕಡೆಯವರು ಏನು ವಾದ ಮಾಡಿದರು ಅನ್ನುವುದು ಇರುವುದೇ ಇಲ್ಲ. ಮಕ್ಕಳಿಗೆ ರುಚಿಸುವುದು ಆ ವಾದವೇ.

ಮೊದಲು ಗ್ರೀಕರ ಲೆಕ್ಕ ಮುಗಿಸೋಣ. ಡೆಮಾಕ್ರಿಟಸ್ ಅಬ್ಡೆರಾ ಊರಿನವನು, ಹುಟ್ಟಿದ್ದು ಕ್ರಿ.ಪೂ. 460ರ ಆಸುಪಾಸು. ಗುರು ಲ್ಯೂಸಿಪಸ್. ಇರುವುದು ಎಂದೂ ಬದಲಾಗದು ಅಂತ ಪಾರ್ಮೆನಿಡೀಸ್ ಅದಕ್ಕೂ ಮೊದಲು ಹಟ ಹಿಡಿದಿದ್ದ. ಹಾಗಾದರೆ ಕಣ್ಣೆದುರೇ ಎಲ್ಲ ಬದಲಾಗುತ್ತಿದೆಯಲ್ಲ? ಡೆಮಾಕ್ರಿಟಸ್ ಅಂದ: ಕತ್ತರಿಸಲಾಗದ ಕಣಗಳು ಬದಲಾಗುವುದಿಲ್ಲ, ಖಾಲಿ ಜಾಗದಲ್ಲಿ ಅವುಗಳ ಜೋಡಣೆ ಬದಲಾಗುತ್ತದೆ. ಇದನ್ನು ವಿವರಿಸುವಾಗ ಅರಿಸ್ಟಾಟಲ್ ಅಕ್ಷರಗಳನ್ನೇ ಬಳಸುತ್ತಾನೆ. ನಿಮ್ಮ ಫ್ರಿಜ್ ಮೇಲಿನ ಮ್ಯಾಗ್ನೆಟ್ ಅಕ್ಷರಗಳನ್ನು ತೆಗೆದುಕೊಳ್ಳಿ. ಎ ಮತ್ತು ಎನ್ ಆಕಾರದಲ್ಲೇ ಬೇರೆ. ಎಎನ್ ಮತ್ತು ಎನ್ಎ ಕ್ರಮದಲ್ಲಿ ಬೇರೆ. ಝಡ್ ಅನ್ನು ಪಕ್ಕಕ್ಕೆ ಹೊರಳಿಸಿ, ಎನ್ ಆಯಿತು. ಪರಮಾಣುಗಳ ನಡುವಿನ ವ್ಯತ್ಯಾಸವೂ ಇಷ್ಟೇ ಅಂತೆ. ಸಿಹಿ, ಕಹಿ, ಬಣ್ಣ ಯಾವುದೂ ಅವುಗಳಲ್ಲಿಲ್ಲ, ಅದೆಲ್ಲ ನಮ್ಮ ರೂಢಿಯ ಮಾತು.

ಕಣಾದನ ಕಡೆಯವರಾದ ವೈಶೇಷಿಕರು ಇಲ್ಲೇ ಬೇರೆ ದಾರಿ ಹಿಡಿದದ್ದು. ಅವರ ಪ್ರಕಾರ ಪರಮಾಣು ನಾಲ್ಕು ಬಗೆ: ಮಣ್ಣು, ನೀರು, ಬೆಂಕಿ, ಗಾಳಿ. ಗುಣ ಅದರೊಳಗೇ ಇದೆ. ಮಣ್ಣಿನದಕ್ಕೆ ವಾಸನೆ ಉಂಟು, ಗಾಳಿಯದಕ್ಕೆ ಸ್ಪರ್ಶ ಮಾತ್ರ. ಎರಡು ಪರಮಾಣು ಸೇರಿದರೆ ದ್ವ್ಯಣುಕ, ಅಂಥ ಮೂರು ದ್ವ್ಯಣುಕ ಸೇರಿದರೆ ತ್ರ್ಯಣುಕ. ಕಿಟಕಿಯಿಂದ ಬಿದ್ದ ಬಿಸಿಲ ಕೋಲಿನಲ್ಲಿ ಕುಣಿಯುವ ಧೂಳಿನ ಕಣ ಇದೆಯಲ್ಲ, ಕಣ್ಣಿಗೆ ಕಾಣುವ ಅತಿ ಚಿಕ್ಕ ವಸ್ತು, ಅದೇ ಈ ತ್ರ್ಯಣುಕ. ಅಂದರೆ ಆರು ಪರಮಾಣು! ಲೆಕ್ಕ ಎಲ್ಲೆಲ್ಲೋ ತಪ್ಪಿದೆ, ಒಂದು ಧೂಳಿನ ಕಣದಲ್ಲಿ ಕೋಟಿಗಟ್ಟಲೆ ಪರಮಾಣು ಇರುತ್ತವೆ. ಆದರೆ ಒಡೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು ಅನ್ನುವುದಕ್ಕೆ ಆ ಪರಂಪರೆ ಕೊಟ್ಟ ಕಾರಣ ಕೇಳಿ: ಒಡೆಯುವುದಕ್ಕೆ ಕೊನೆಯೇ ಇಲ್ಲದಿದ್ದರೆ ಮೇರು ಪರ್ವತದಲ್ಲೂ ಲೆಕ್ಕವಿಲ್ಲದಷ್ಟು ಚೂರು, ಸಾಸಿವೆ ಕಾಳಿನಲ್ಲೂ ಲೆಕ್ಕವಿಲ್ಲದಷ್ಟು ಚೂರು. ಹಾಗಾದರೆ ಎರಡೂ ಒಂದೇ ಗಾತ್ರ ಇರಬೇಕಲ್ಲ? ಮಗಳಿಗೆ ಇದನ್ನು ಹೇಳಿ, ತಪ್ಪು ಎಲ್ಲಿದೆ ಹುಡುಕು ಅನ್ನಿ. ಊಟದ ಹೊತ್ತು ಕಳೆದುಹೋಗುತ್ತದೆ.

ನನಗೆ ಇನ್ನೂ ಇಷ್ಟವಾದದ್ದು ಮಡಕೆಯ ಜಗಳ. ಹಸಿ ಮಡಕೆ ಆವಿಗೆಗೆ ಹೋಗುವಾಗ ಕಪ್ಪು, ಬೆಂದು ಬರುವಾಗ ಕೆಂಪು. ಬಣ್ಣ ಬದಲಾದದ್ದು ಯಾವುದರದ್ದು? ವೈಶೇಷಿಕರು ಹೇಳಿದರು, ಬೆಂಕಿಯಲ್ಲಿ ಮಡಕೆ ಪರಮಾಣುಗಳಾಗಿ ಕಳಚಿಹೋಗುತ್ತದೆ, ಒಂದೊಂದು ಪರಮಾಣುವೂ ಕೆಂಪಾಗುತ್ತದೆ, ಮತ್ತೆ ಸೇರಿ ಹೊಸ ಮಡಕೆ ಹುಟ್ಟುತ್ತದೆ. ನ್ಯಾಯ ದರ್ಶನದವರಾದ ನೈಯಾಯಿಕರು ನಕ್ಕರು: ಮಡಕೆ ಕಳಚಿದ್ದನ್ನು ಕಂಡವರು ಯಾರು, ಅದರ ಮೇಲಿಟ್ಟ ಮಡಕೆ ಯಾಕೆ ಬೀಳಲಿಲ್ಲ? ಮಡಕೆಯಲ್ಲಿ ಸಣ್ಣ ರಂಧ್ರಗಳಿವೆ, ಬೆಂಕಿ ಒಳಗೆ ಹೊಕ್ಕು ಇಡೀ ಮಡಕೆಯನ್ನೇ ಬೇಯಿಸುತ್ತದೆ ಅಂತ ಅವರ ವಾದ. ಒಂದು ಮಡಕೆ ಹಿಡಿದು ಪಂಡಿತರು ಶತಮಾನಗಟ್ಟಲೆ ಕಿತ್ತಾಡಿದ್ದಾರೆ.

ಬೌದ್ಧ ವಸುಬಂಧು ಕೇಳಿದ ಪ್ರಶ್ನೆ ಎಲ್ಲರಿಗಿಂತ ಚೂಪು. ಕ್ರಿ.ಶ. 4-5ನೇ ಶತಮಾನದವನು. ಒಂದು ಪರಮಾಣುವಿನ ಸುತ್ತ ಆರು ಪರಮಾಣು ಇಡಿ: ಮೇಲೆ, ಕೆಳಗೆ, ನಾಲ್ಕು ದಿಕ್ಕಿಗೆ ನಾಲ್ಕು. ಮೇಲಿನದು ಮುಟ್ಟುವ ಜಾಗ ಬೇರೆ, ಕೆಳಗಿನದು ಮುಟ್ಟುವ ಜಾಗ ಬೇರೆ ಆದರೆ ನಡುವಿನದಕ್ಕೆ ಆರು ಭಾಗ ಇದ್ದ ಹಾಗಾಯಿತು. ಒಡೆಯಲಾಗದ್ದು ಅನ್ನುವ ಮಾತು ಬಿತ್ತು. ಆರೂ ಒಂದೇ ಜಾಗದಲ್ಲಿ ಮುಟ್ಟಿದರೆ ಎಷ್ಟು ಸೇರಿದರೂ ಗಾತ್ರ ಒಂದೇ ಪರಮಾಣುವಿನಷ್ಟು, ಬೆಟ್ಟ ಹುಟ್ಟುವುದೇ ಇಲ್ಲ. ನಮ್ಮ ಮನೆಯಲ್ಲಿ ಸಕ್ಕರೆ ಕ್ಯೂಬ್ ಜೋಡಿಸಿ ಇದನ್ನು ತೋರಿಸಿದೆ. ಮಗ ಸ್ವಲ್ಪ ಹೊತ್ತು ನೋಡಿ, "ಮುಟ್ಟಲೇಬೇಕು ಅಂತ ಯಾರು ಹೇಳಿದ್ದು? ಮ್ಯಾಗ್ನೆಟ್ ದೂರದಿಂದಲೇ ಎಳೆಯಲ್ವಾ?" ಅಂದ. ವಾದಕ್ಕೆ ಇಳಿದನಲ್ಲ, ನನಗೆ ಅಷ್ಟೇ ಬೇಕಿತ್ತು.

ಜೈನರದು ಮತ್ತೊಂದು ದಾರಿ. ಪರಮಾಣುವಿನಲ್ಲಿ ಜಾತಿಯಿಲ್ಲ, ಎಲ್ಲ ಒಂದೇ ಬಗೆ. ಜಿಡ್ಡುತನ ಮತ್ತು ಒಣತನದ ಮಟ್ಟ ನೋಡಿಕೊಂಡು ಒಂದಕ್ಕೊಂದು ಅಂಟುತ್ತವೆ, ಅದಕ್ಕೆ ನಿಯಮವನ್ನೂ ಕೊಟ್ಟಿದ್ದಾರೆ. ಇದು ಬರುವುದು ತತ್ತ್ವಾರ್ಥಸೂತ್ರದಲ್ಲಿ. ಅದಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ ಪೂಜ್ಯಪಾದರು ಗಂಗರ ಕಾಲದ ಕರ್ನಾಟಕದವರು. ಈ ಚರ್ಚೆಯಲ್ಲಿ ಕರ್ನಾಟಕದ ಹೆಸರು ಬೇಕೇ ಬೇಕು ಅನ್ನುವವರಿಗೆ ಇದು ಗಟ್ಟಿ ಹೆಸರು.

ಇನ್ನು ಪುಸ್ತಕ ಡಾಲ್ಟನ್‌ಗೆ ಹಾರುವುದು ಯಾಕೆ? ಯಾರು ಯಾರನ್ನು ಓದಿದರು ಅನ್ನುವ ಸರಪಳಿ ಅದು. ಡೆಮಾಕ್ರಿಟಸ್‌ನ ವಿಚಾರ ಎಪಿಕ್ಯೂರಸ್‌ಗೆ ಬಂತು, ಅವನಿಂದ ರೋಮಿನ ಲುಕ್ರೀಷಿಯಸ್‌ನ ಕಾವ್ಯಕ್ಕೆ. ಆ ಕಾವ್ಯದ ಹಸ್ತಪ್ರತಿ 1417ರಲ್ಲಿ ಇಟಲಿಯ ವಿದ್ವಾಂಸ ಪೊಜ್ಜೊ ಬ್ರಾಚೊಲಿನಿ ಕೈಗೆ ಸಿಕ್ಕಿತು. 17ನೇ ಶತಮಾನದಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಗಸೆಂಡಿ ಅದನ್ನು ಮತ್ತೆ ಎತ್ತಿಕೊಂಡ. 1808ರಲ್ಲಿ ಪುಸ್ತಕ ತಂದ ಡಾಲ್ಟನ್ ಮಾತ್ರ ತಕ್ಕಡಿ ಹಿಡಿದವನು: ಇಂಗಾಲ, ಆಮ್ಲಜನಕ ಸೇರಿ ಆಗುವ ಎರಡು ಅನಿಲ ತೆಗೆದುಕೊಂಡರೆ, ಅಷ್ಟೇ ಇಂಗಾಲಕ್ಕೆ ಒಂದರಲ್ಲಿ ಇರುವ ಆಮ್ಲಜನಕದ ಸರಿಯಾಗಿ ಎರಡರಷ್ಟು ಇನ್ನೊಂದರಲ್ಲಿ. ಕಣಾದನೂ ತೂಗಲಿಲ್ಲ, ಡೆಮಾಕ್ರಿಟಸ್ಸೂ ತೂಗಲಿಲ್ಲ. ಹಾಗಾಗಿ ಪುಸ್ತಕದವರ ಮೇಲೆ ಸಿಟ್ಟು ಬೇಡ.

ಮೇಲ್ ಹಾಕುವುದಾದರೆ ಹಾಕಿ, ಆದರೆ "ಕಣಾದ 2600 ವರ್ಷ ಹಿಂದೆಯೇ ಹೇಳಿದ್ದ" ಅಂತ ಬರೆಯಬೇಡಿ. ಅವನ ಹೆಸರಿನಲ್ಲಿರುವ ವೈಶೇಷಿಕ ಸೂತ್ರದ ಕಾಲದ ಬಗ್ಗೆ ವಿದ್ವಾಂಸರಲ್ಲೇ ಶತಮಾನಗಳ ಅಂತರ ಇದೆ. ಟೀಚರ್ ಆಧಾರ ಕೇಳಿದರೆ ಮಗಳು ಪೇಚಿಗೆ ಸಿಕ್ಕಿಕೊಳ್ಳುತ್ತಾಳೆ. ಅದರ ಬದಲು ಕ್ಲಾಸಿನಲ್ಲಿ ಐದು ನಿಮಿಷ ಕೊಡುತ್ತೀರಾ, ಭಾರತದ ಪರಮಾಣು ಜಗಳ ಹೇಳುತ್ತಾಳೆ ಅಂತ ಕೇಳಿ. ಮುಂದಿನ ಭಾನುವಾರ ಕನ್ನಡ ಶಾಲೆಯಲ್ಲಿ ನಾನೂ ದೊಡ್ಡ ಮಕ್ಕಳಿಗೆ ಇದನ್ನು ಮಾಡಿಸೋಣ ಅಂತಿದ್ದೇನೆ. ಗುಂಪಿನಲ್ಲಿ ತತ್ತ್ವಾರ್ಥಸೂತ್ರ ಓದಿದವರಿದ್ದರೆ ಆ ಭಾಗ ನೀವೇ ಹೇಳಿಕೊಡಿ, ಸಕ್ಕರೆ ಕ್ಯೂಬ್ ನಾನು ತರುತ್ತೇನೆ.