ಕ್ಲಾರಿಫೈಯರ್‌ನಲ್ಲಿ ಕೆಸರು ತೇಲಿ ನದಿ ಸೇರುತ್ತಿದೆ, ಪಾಲಿಮರ್ ಹಾಕಬಹುದಾ?

ಪ್ರಶ್ನೆ (ಪುರಸಭೆಯ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕದ ಆಪರೇಟರ್): ಸರ್, ನಮ್ಮದು 2 ಎಂಎಲ್‌ಡಿ (ದಿನಕ್ಕೆ 20 ಲಕ್ಷ ಲೀಟರ್) ಘಟಕ, ಎಕ್ಸ್‌ಟೆಂಡೆಡ್ ಏರೇಶನ್ (ಹೆಚ್ಚು ಹೊತ್ತು ಗಾಳಿ ಊದುವ ವಿಧಾನ). ಗಾಳಿ ಊದುವ ಟ್ಯಾಂಕ್ 1,800 ಘನ ಮೀಟರ್. ಬೆಳಿಗ್ಗೆ ನೀರು ತಿಳಿಯಾಗಿರುತ್ತೆ. ಹನ್ನೊಂದರ ಮೇಲೆ ಕ್ಲಾರಿಫೈಯರ್‌ನಲ್ಲಿ (ಕೆಸರು ತಳಕ್ಕೆ ಕೂರುವ ತೊಟ್ಟಿ) ಕಂದು ಮುದ್ದೆಗಳು ಗುಳ್ಳೆ ಸಮೇತ ಎದ್ದು, ವಿಯರ್ (ತಿಳಿನೀರು ಹೊರಬೀಳುವ ಅಂಚು) ದಾಟಿ ನದಿಗೆ ಹೋಗುತ್ತವೆ. ಎಂಎಲ್‌ಎಸ್‌ಎಸ್ (ಟ್ಯಾಂಕ್ ನೀರಿನಲ್ಲಿರುವ ಕೆಸರು) ಲೀಟರಿಗೆ 6,500 ಮಿಲಿಗ್ರಾಂ. ಒಂದು ಲೀಟರ್ ಜಾರ್‌ನಲ್ಲಿ ಅರ್ಧ ಗಂಟೆಗೆ ಕೆಸರು 850 ಎಂಎಲ್‌ಗೆ ನಿಲ್ಲುತ್ತೆ. ಕೆಸರು ಕೂರಿಸುವ ಪಾಲಿಮರ್ ಹಾಕಿ ಅಂತಿದ್ದಾರೆ.

ಉತ್ತರ (ಪರಿಸರ ಎಂಜಿನಿಯರ್): ಪಾಲಿಮರ್ ಬೇಡ. 850ನ್ನು ಸಾವಿರದಿಂದ ಗುಣಿಸಿ 6,500ರಿಂದ ಭಾಗಿಸಿ, ಎಸ್‌ವಿಐ (ಒಂದು ಗ್ರಾಂ ಕೆಸರು ಕೂತಾಗ ಹಿಡಿಯುವ ಜಾಗ, ಎಂಎಲ್‌ನಲ್ಲಿ) 131 ಬರುತ್ತೆ. 150ರ ಒಳಗಿದ್ದರೆ ಕೆಸರಿನ ಗುಣ ಕೆಟ್ಟಿಲ್ಲ ಎಂದರ್ಥ. ನಿಮ್ಮಲ್ಲಿ ಕೆಸರು ವಿಪರೀತ ಜಾಸ್ತಿಯಾಗಿದೆ, ಅಷ್ಟೇ. ಖಾತ್ರಿಗೆ, ಅರ್ಧ ಜಾರ್ ಟ್ಯಾಂಕ್ ನೀರಿಗೆ ಅರ್ಧ ಜಾರ್ ತಿಳಿನೀರು ಬೆರೆಸಿ ನೋಡಿ. ಕೆಸರು 850ರ ಅರ್ಧಕ್ಕಿಂತ ಬಹಳ ಕೆಳಗೆ ಕೂತರೆ ಕಾರಣ ದಟ್ಟಣೆ. ಅರ್ಧಕ್ಕಿಂತ ಬಹಳ ಮೇಲೆಯೇ ನಿಂತರೆ ಮಾತ್ರ ನಾರುಬ್ಯಾಕ್ಟೀರಿಯಾ (ಎಳೆಯಾಗಿ ಬೆಳೆದು ಕೆಸರು ಕೂರದಂತೆ ಮಾಡುವಂಥವು) ಸಂಶಯ.

ಗುಳ್ಳೆಯ ವಿಷಯ ಬೇರೆ. ಕೆಸರು ಕ್ಲಾರಿಫೈಯರ್ ತಳದಲ್ಲಿ ಹೆಚ್ಚು ಹೊತ್ತು ಉಳಿದರೆ ನೈಟ್ರೇಟ್ ಒಡೆದು ನೈಟ್ರೋಜನ್ ಅನಿಲವಾಗಿ ಕೆಸರನ್ನೇ ಎತ್ತುತ್ತದೆ. ಜಾರನ್ನು ಎರಡು ಗಂಟೆ ಅಲುಗಾಡಿಸದೆ ಬಿಡಿ. ಕೂತ ಕೆಸರು ಎದ್ದು ಬಂದರೆ ಇದೇ ಕಾರಣ. ಮುದ್ದೆ ಕಪ್ಪಾಗಿ ನಾರುತ್ತಿದ್ದರೆ ತಳದ ಕೆಸರು ಬಾಚುವ ಸ್ಕ್ರೇಪರ್ ತಲುಪದ ಮೂಲೆಯಲ್ಲಿ ಕೊಳೆಯುತ್ತಿದೆ, ಸ್ಕ್ರೇಪರ್‌ನ ರಬ್ಬರ್ ನೋಡಿ. ಸದ್ಯಕ್ಕೆ ಕೆಸರನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪ್ ಹರಿವು ಹೆಚ್ಚಿಸಿ, ಕೆಸರು ತಳದಲ್ಲಿ ನಿಲ್ಲದಂತೆ ಮಾಡಿ.

ಮೂಲ ಪರಿಹಾರ ಕೆಸರು ತೆಗೆಯುವುದು. 2 ಎಂಎಲ್‌ಡಿ ಹರಿವು, ಬಿಒಡಿ (ಕೊಳಚೆ ಕೊಳೆಯಲು ಬೇಕಾದ ಆಮ್ಲಜನಕ) ಲೀಟರಿಗೆ 200 ಮಿಲಿಗ್ರಾಂ ಎಂದರೆ ದಿನಕ್ಕೆ 400 ಕೆಜಿ ಬಿಒಡಿ. ಪ್ರತಿ ಕೆಜಿಗೆ ಸುಮಾರು 0.6 ಕೆಜಿ ಹಿಡಿದರೂ ದಿನಕ್ಕೆ 240 ಕೆಜಿ ಒಣ ಕೆಸರು ಹುಟ್ಟುತ್ತದೆ. ನೀವು ತೆಗೆಯದಿದ್ದರೆ ಅದು ವಿಯರ್ ದಾಟಿಯೇ ಹೋಗಬೇಕು: 2,000 ಘನ ಮೀಟರ್ ನೀರಿನಲ್ಲಿ ಲೀಟರಿಗೆ 120 ಮಿಲಿಗ್ರಾಂ. ಸಣ್ಣ ಊರುಗಳಿಗೆ 2017ರ ಕೇಂದ್ರ ಅಧಿಸೂಚನೆ ತೇಲುವ ಘನಕಣಗಳಿಗೆ ಕೊಟ್ಟ ಮಿತಿಯೇ 100. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ಇನ್ನೂ ಬಿಗಿ ಮಿತಿ ಇದ್ದರೆ ಅದೇ ಅನ್ವಯ.

ಟ್ಯಾಂಕಿನಲ್ಲಿ ಈಗ 11,700 ಕೆಜಿ ಇದೆ. 4,000 ಎಂಎಲ್‌ಎಸ್‌ಎಸ್‌ಗೆ 7,200 ಕೆಜಿ ಸಾಕು. ಹೆಚ್ಚುವರಿ 4,500 ಕೆಜಿಯನ್ನು ಒಂದೇ ವಾರದಲ್ಲಿ ಎಳೆಯಬೇಡಿ, ಅಮೋನಿಯಾ ತಿನ್ನುವ ನಿಧಾನ ಬೆಳೆಯುವ ಬ್ಯಾಕ್ಟೀರಿಯಾವೂ ಹೋಗುತ್ತದೆ. ಇಪ್ಪತ್ತು ದಿನ, ದಿನಕ್ಕೆ 465 ಕೆಜಿಯಂತೆ (ಹೆಚ್ಚುವರಿಯಲ್ಲಿ 225, ಹೊಸದಾಗಿ ಹುಟ್ಟುವ 240) ತೆಗೆಯಿರಿ. ರಿಟರ್ನ್ ಕೆಸರು ಲೀಟರಿಗೆ 10 ಗ್ರಾಂ ಇದ್ದರೆ ಅದು 46 ಘನ ಮೀಟರ್. ಟ್ಯಾಂಕ್ ತೆಳುವಾದಂತೆ ಈ ಸಾಂದ್ರತೆಯೂ ಇಳಿಯುತ್ತದೆ, ವಾರಕ್ಕೆ ಎರಡು ಸಲ ಅಳೆದು ಪ್ರಮಾಣ ಬದಲಿಸಿ.

ಪ್ರಶ್ನೆ (ಅದೇ ಆಪರೇಟರ್): ಡ್ರೈಯಿಂಗ್ ಬೆಡ್‌ನಲ್ಲಿ (ಕೆಸರು ಒಣಗಿಸುವ ಮರಳು ಹಾಸು) ಅಷ್ಟು ಜಾಗ ಇಲ್ಲ ಸರ್.

ಉತ್ತರ: ಬಹಳಷ್ಟು ಕಡೆ ಕೆಸರು ತೆಗೆಯುವುದು ನಿಲ್ಲುವುದು ಇಲ್ಲೇ. 46 ಘನ ಮೀಟರನ್ನು 25 ಸೆಂಟಿಮೀಟರ್ ಎತ್ತರಕ್ಕೆ ಬಿಟ್ಟರೆ ದಿನಕ್ಕೆ 184 ಚದರ ಮೀಟರ್ ಬೇಕು, ಒಣಗಲು ಬಿಸಿಲಿನಲ್ಲೂ ಹನ್ನೆರಡು ದಿನ ಹಿಡಿಯಿರಿ. ಮೊದಲು ಥಿಕನರ್‌ನಲ್ಲಿ ಲೀಟರಿಗೆ 25 ಗ್ರಾಂ ಆಗುವಷ್ಟು ಗಟ್ಟಿ ಮಾಡಿದರೆ 46 ಇದ್ದದ್ದು 19 ಘನ ಮೀಟರಿಗೆ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆಯೇ ಮಾಡಿ ಮುಗಿಸಿ. ಒಣ ಕೆಸರಿನ ಜೊತೆ ಮರಳೂ ಹೋಗುತ್ತದೆ, ಪ್ರತಿ ಸಲ ಮೇಲ್ಪದರ ತುಂಬಿಸಿ.

ಪ್ರಶ್ನೆ (ಪುರಸಭೆ ಸದಸ್ಯೆ): ಕರೆಂಟ್ ಬಿಲ್ ಉಳಿಸಲು ರಾತ್ರಿ ಗಾಳಿ ಊದುವ ಬ್ಲೋವರ್ ನಿಲ್ಲಿಸಬಹುದಾ?

ಉತ್ತರ: ಒಂದು ಗಂಟೆ ನಿಲ್ಲಿಸಿ ಮತ್ತೆ ಓಡಿಸುವ ಕ್ರಮದಿಂದ ನೈಟ್ರೇಟ್ ಟ್ಯಾಂಕಿನಲ್ಲೇ ಕಡಿಮೆಯಾಗುತ್ತೆ, ಒಳ್ಳೆಯದೇ ಮೇಡಂ. ಇಡೀ ರಾತ್ರಿ ಬೇಡ. ಗಾಳಿ ಗುಳ್ಳೆ ಬಿಡುವ ಡಿಫ್ಯೂಸರ್‌ನ ಪೊರೆ ಕಟ್ಟಿಕೊಳ್ಳುತ್ತೆ, ಆಮ್ಲಜನಕ ಸಾಲದೆ ನಾರುಬ್ಯಾಕ್ಟೀರಿಯಾ ಬೆಳೆಯುತ್ತೆ. ಬ್ಲೋವರ್ ನಿಂತರೂ ರಿಟರ್ನ್ ಪಂಪ್ ನಿಲ್ಲಬಾರದು.

ಪ್ರಶ್ನೆ (ಕೆಳಗಿನ ಊರಿನ ನೀರು ಸರಬರಾಜು ನೌಕರ): ಎರಡು ಕಿಲೋಮೀಟರ್ ಕೆಳಗೆ ನಮ್ಮ ಜಾಕ್‌ವೆಲ್ (ನದಿ ನೀರೆತ್ತುವ ಬಾವಿ) ಇದೆ. ಬೇಸಿಗೆಯಲ್ಲಿ ಎಷ್ಟು ಬ್ಲೀಚಿಂಗ್ ಹಾಕಿದರೂ ಕ್ಲೋರಿನ್ ನಿಲ್ಲಲ್ಲ. ಸಂಬಂಧ ಇದೆಯಾ?

ಉತ್ತರ: ಇರಬಹುದು. ಬೇಸಿಗೆಯಲ್ಲಿ ನದಿ ಸೆಕೆಂಡಿಗೆ 100 ಲೀಟರ್ ಮಾತ್ರ ಹರಿಯುತ್ತಿದೆ, ಅದರ ಬಿಒಡಿ 2 ಎಂದುಕೊಳ್ಳಿ. ಎಸ್‌ಟಿಪಿಯ ಹೊರಹರಿವು 2 ಎಂಎಲ್‌ಡಿ ಎಂದರೆ ಸೆಕೆಂಡಿಗೆ 23 ಲೀಟರ್. ಅದರ ಬಿಒಡಿ 30 ಇದ್ದರೆ ಬೆರೆತ ನೀರು 7 ದಾಟುತ್ತೆ, 10 ಇದ್ದರೆ 3.5. ಶುದ್ಧೀಕರಿಸಿ ಕುಡಿಯುವ ನೀರಿನ ಮೂಲಕ್ಕೆ ಕೇಂದ್ರ ಮಂಡಳಿಯ ‘ಸಿ’ ವರ್ಗದ ಮಿತಿ 3. ಹೀಗಾಗಿ ಮಳೆಗಾಲದಲ್ಲಿ ನಡೆಯುವ ಗುಣಮಟ್ಟ ಏಪ್ರಿಲ್‌ನಲ್ಲಿ ಸಾಲದು. ನಿಮ್ಮ ಕ್ಲೋರಿನ್ ತಿನ್ನುತ್ತಿರುವುದು ಮುಖ್ಯವಾಗಿ ಅಮೋನಿಯಾ ಇರಬೇಕು: ಒಂದು ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ ಮುಗಿಸಲು 8ರಿಂದ 10 ಮಿಲಿಗ್ರಾಂ ಕ್ಲೋರಿನ್ ಬೇಕು. ಡೋಸ್ ಏರಿಸುವ ಮೊದಲು ಜಾಕ್‌ವೆಲ್‌ನ ನೀರಿನಲ್ಲಿ ಮತ್ತು ಎಸ್‌ಟಿಪಿ ಹೊರಹರಿವಿನಲ್ಲಿ ಅಮೋನಿಯಾ ಅಳೆಯಿರಿ. ಎಸ್‌ಟಿಪಿಯ ಸ್ಯಾಂಪಲ್ ಬೆಳಿಗ್ಗೆ ಒಂದೇ ಸಲ ಬೇಡ, ದಿನವಿಡೀ ಎರಡು ಗಂಟೆಗೊಮ್ಮೆ ತೆಗೆದು ಐಸ್ ಪೆಟ್ಟಿಗೆಯಲ್ಲಿಟ್ಟು ಬೆರೆಸಿ ಕಳಿಸಿ.