ಸಹಾಯ ಬೇಕು: ಮೂರು ಷರತ್ತು ಹೊಂದುವ ಸಾಲಿನ ಬೆಲೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಕ್ಸೆಲ್ 2016ರಲ್ಲಿ ಒಂದು ದರಪಟ್ಟಿ ಇದೆ. ಎ ಕಾಲಂನಲ್ಲಿ ಐಟಂ (ಉದಾ: ಚೀಲ), ಬಿಯಲ್ಲಿ ಸೈಜ್, ಸಿಯಲ್ಲಿ ಬಣ್ಣ, ಡಿಯಲ್ಲಿ ಬೆಲೆ. ಮೂರೂ ಹೊಂದುವ ಸಾಲಿನ ಬೆಲೆ ಮಾತ್ರ ಬೇಕು. ವಿಲುಕಪ್ (ಪಟ್ಟಿಯಲ್ಲಿ ಹುಡುಕಿ ಬೆಲೆ ತರುವ ಸೂತ್ರ, VLOOKUP) ಹಾಕಿದರೆ ಸೈಜ್, ಬಣ್ಣ ನೋಡದೆ ಮೊದಲು ಸಿಕ್ಕ ಚೀಲದ ಬೆಲೆಯನ್ನೇ ತರುತ್ತದೆ. ಎರರ್ ಕೂಡ ಬರುವುದಿಲ್ಲ, ತಪ್ಪು ಅಂಕಿ ಸುಮ್ನೆ ಕೂತಿರುತ್ತದೆ. ನನಗೆ ಅದೇ ಜಾಸ್ತಿ ಭಯ.

ಆಮೇಲೆ ಇಂಡೆಕ್ಸ್ (ಹೇಳಿದ ಸಾಲಿನ ಬೆಲೆ ತರುವ ಸೂತ್ರ, INDEX) ಒಳಗೆ ಮ್ಯಾಚ್ (ಆ ಸಾಲು ಎಷ್ಟನೆಯದು ಎಂದು ಹುಡುಕುವ ಸೂತ್ರ, MATCH) ಹಾಕಿ, ಮೂರೂ ಷರತ್ತನ್ನು ಗುಣಿಸಿ 1 ಹುಡುಕಿಸಿದೆ; ಮೂರೂ ಹೊಂದಿದರೆ ಮಾತ್ರ 1 ಬರುತ್ತದೆ. ಕಂಟ್ರೋಲ್, ಶಿಫ್ಟ್, ಎಂಟರ್ ಒಟ್ಟಿಗೆ ಒತ್ತಿದ ಮೇಲೆ ಬಹಳಷ್ಟು ಸಾಲು ಸರಿಹೋಯಿತು. ಕೆಲವು ಕಡೆ ಮಾತ್ರ ಇನ್ನೂ ಎನ್‌ಎ (‘ಸಿಗಲಿಲ್ಲ’ ಎನ್ನುವ ಎರರ್, #N/A) ಬರುತ್ತಿದೆ. ಅಂಥ ಒಂದು ಸೆಲ್‌ಗೆ ಲೆನ್ (ಅಕ್ಷರ ಎಣಿಸುವ ಸೂತ್ರ, LEN) ಹಾಕಿ ನೋಡಿದೆ. ‘ನೀಲಿ’ಗೆ ಸ್ವರಚಿಹ್ನೆಗಳೂ ಸೇರಿ 4 ಬರಬೇಕು, ಅಲ್ವಾ? 5 ಬಂತು! ಟ್ರಿಮ್ (ಹೆಚ್ಚುವರಿ ಸ್ಪೇಸ್ ತೆಗೆಯುವ ಸೂತ್ರ, TRIM) ಹಾಕಿದರೂ 5. ಪಟ್ಟಿ ಬ್ರೌಸರ್‌ನಿಂದ ಕಾಪಿ ಮಾಡಿದ್ದು. ಕಾಣದ ಆ ಅಕ್ಷರವನ್ನು ಇಡೀ ಕಾಲಂನಿಂದ ಒಂದೇ ಸಲ ತೆಗೆಯುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ.